ಬಂಗ್ಲೆಯ ಜಗಲಿಯಲ್ಲಿ ಬರೆದ ಅರ್ಜಿಗಳು

ನಮ್ಮ ಕಡೆ ಪಾದ್ರಿಗಳ ಮನೆಗೆ ಬಂಗ್ಲೆ ಎಂದು ಹೆಸರು. ಮಳೆಗಾಲದಲ್ಲಿ ನಾಲ್ಕು ಕಡೆ ಸೋರುವ ಹಂಚಿನ ಮನೆಯಾದರೂ ಅದು ಬಂಗ್ಲೆಯೇ. ಅದರ ಜಗಲಿಯಲ್ಲಿ ಒಂದು ಬೆಂಚು, ಒಂದು ಮೇಜು. ಭಾನುವಾರ ಪೂಜೆ ಮುಗಿದ ಮೇಲೆ ಆ ಬೆಂಚಿನ ಮೇಲೆ ಕೂರುವವರಲ್ಲಿ ಅರ್ಧದಷ್ಟು ಮಂದಿ ದೇವರ ವಿಷಯ ಮಾತಾಡಲು ಬಂದವರಲ್ಲ. ರೇಷನ್ ಕಾರ್ಡು ರದ್ದಾಗಿದೆ, ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಮಗಳ ಗಂಡ ಹೊಡೆಯುತ್ತಾನೆ, ಪಿಎಫ್ ಹಣ ಬಂದಿಲ್ಲ. ಇವರಲ್ಲಿ ಹಣೆಗೆ ಕುಂಕುಮ ಇಟ್ಟವರೂ ಇರುತ್ತಾರೆ, ಟೊಪ್ಪಿ ಹಾಕಿದವರೂ ಇರುತ್ತಾರೆ.

2024ರಲ್ಲಿ ಎರಡು ಸಂಭ್ರಮಗಳು ಒಟ್ಟಿಗೆ ಬಂದವು. ಮಂಗಳೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ಸಿಒಡಿಪಿಗೆ 50 ತುಂಬಿತು. ಬೆಳ್ತಂಗಡಿ ಸೀರೋ ಮಲಬಾರ್ ಧರ್ಮಪ್ರಾಂತ್ಯಕ್ಕೆ 25. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಈ ಎರಡರ ಕೆಲಸ ಹಬ್ಬಿದೆ. ಇಗರ್ಜಿ (ಚರ್ಚು) ಕಟ್ಟಿದ್ದು, ಗೋಪುರ ಏರಿಸಿದ್ದು, ಬಿಷಪರು ಬಂದು ಆಶೀರ್ವದಿಸಿದ್ದು ಇವೆಲ್ಲ ಪ್ರತಿ ಫಿರ್ಗಜಿನ (ಚರ್ಚ್ ವ್ಯಾಪ್ತಿಯ) ಹಬ್ಬದ ಪುಸ್ತಕದಲ್ಲೂ ಸಿಗುತ್ತವೆ. ಹಾಗಾಗಿ ಇಲ್ಲಿ ಕಟ್ಟಡಗಳಿಗಿಂತ ಆ ಬೆಂಚಿನ ಕಡೆಗೆ ಹೆಚ್ಚು ಗಮನ ಕೊಟ್ಟಿದ್ದೇನೆ.

1784ರ ಆಸುಪಾಸು

ಫರಂಗಿಪೇಟೆ ಎಂಬ ಹೆಸರೇ ಇತಿಹಾಸ. ನೇತ್ರಾವತಿಯ ದಡದ ಈ ಊರಲ್ಲಿ ಮೊಂತೆ ಮರಿಯಾನೊ ಗುಡ್ಡದ ಮೇಲೆ ಗೋವೆಯಿಂದ ಬಂದ ಪಾದ್ರಿ ಜೋಕಿಂ ಮಿರಾಂಡಾ 18ನೇ ಶತಮಾನದಲ್ಲಿ ಗುರುಮಠ ನಡೆಸಿದ್ದರು. ಬಂಟ್ವಾಳದ ಬಳಿಯ ಅಗ್ರಾರ್ ಇಗರ್ಜಿ ತನ್ನ ಹುಟ್ಟನ್ನು 1702ಕ್ಕೆ ಒಯ್ಯುತ್ತದೆ. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಮರಳಿದರು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 27 ಇಗರ್ಜಿಗಳು ನೆಲಸಮವಾದವು ಎಂಬುದು ಸಮುದಾಯದ ನೆನಪಿನಲ್ಲಿ ಗಟ್ಟಿಯಾಗಿ ಕೂತಿದೆ.

ಆ ನೆನಪಿನ ಜೊತೆಗೇ ಇನ್ನೊಂದು ಸಂಗತಿ ಇದೆ. ಅದನ್ನು ನಾವು ಸಾಕಷ್ಟು ಜೋರಾಗಿ ಹೇಳಿಲ್ಲ ಎಂದು ನನಗೆ ಅನಿಸುತ್ತದೆ. ಮೂಡುಬಿದಿರೆ ಸೀಮೆಯ ಹೊಸ್ಪೆಟ್ ಪವಿತ್ರ ಶಿಲುಬೆಯ ಇಗರ್ಜಿ ಆಗ ಉಳಿಯಿತು. ಉಳಿಸಿದವರು ಮೂಡುಬಿದಿರೆಯ ಚೌಟ ಅರಸರು, ಜೈನರು. ಸಾವಿರ ಕಂಬದ ಬಸದಿಯ ಊರಿನ ಅರಸ ಶಿಲುಬೆಯ ಪರವಾಗಿ ಮಾತಾಡಿದ. ಅಲ್ಪಸಂಖ್ಯಾತರ ಹಕ್ಕು, ಧಾರ್ಮಿಕ ಸ್ವಾತಂತ್ರ್ಯ ಎಂಬ ಮಾತುಗಳನ್ನು ನಾವು ವಿಚಾರಸಂಕಿರಣಗಳಲ್ಲಿ ಕಲಿಯುವುದಕ್ಕೆ ಎಷ್ಟೋ ಮುಂಚೆ, ಬೇರೆ ದೇವರನ್ನು ನಂಬುವವನೊಬ್ಬ ನಮಗಾಗಿ ಆಡಿದ ಮಾತು ಅದು.

1799ರಲ್ಲಿ ಆ ಸೆರೆಯಿಂದ ಬದುಕಿ ಮರಳಿದವರ ಮೊದಲ ಜಗಳವೂ ಕಾಗದದ್ದೇ. ಗದ್ದೆ ಯಾರದ್ದು? ಹಿಂದೆ ಉತ್ತವರು ಸೆರೆಯಲ್ಲಿದ್ದರು, ಈಗ ಉಳುವವರು ಬೇರೆಯವರು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಹಲವರಿಗೆ ಭೂಮಿ ಮರಳಿ ಸಿಗಲು ನೆರವಾದ. ಹಾಗೆ ಸಿಗದವರು ಧಣಿಗಳ ಗದ್ದೆಯಲ್ಲಿ ಗೇಣಿಗೆ ನಿಂತರು. ಮುಂದಿನ ನೂರೆಪ್ಪತ್ತು ವರ್ಷ ಈ ಗೇಣಿಯ ಕಥೆ ಮುಗಿಯಲಿಲ್ಲ.

1834ರಿಂದ 1921: ಸ್ಲೇಟು, ಹಂಚು, ಸೊಸೈಟಿ

1834ರಲ್ಲಿ ಪ್ರೊಟೆಸ್ಟಂಟರ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದರು. 1843ರಲ್ಲಿ ಅದೇ ಮಿಶನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು. 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಈ ಕೈಗಾರಿಕೆಗಳ ಹಿಂದೆ ಒಂದು ಸಾಮಾಜಿಕ ಲೆಕ್ಕವಿತ್ತು. ಮತಾಂತರವಾಗಿ ಜಾತಿಯಿಂದ ಹೊರಬಿದ್ದವನಿಗೆ ಊರಲ್ಲಿ ಕೂಲಿ ಸಿಗದು, ಬಾವಿಯ ನೀರು ಸಿಗದು. ಅವನಿಗೆ ಕೈಕೆಲಸ ಬೇಕು, ವಾರಕ್ಕೊಮ್ಮೆ ಕೈಗೆ ಸಂಬಳ ಬೇಕು. ತುಳುವನ್ನು ಅಚ್ಚಿಗೆ ತಂದವರೂ ಇವರೇ. ಬ್ರಿಗೆಲ್‌ನ ತುಳು ವ್ಯಾಕರಣ 1872ರದ್ದು, ಮೆನ್ನರ್‌ನ ನಿಘಂಟು 1886ರದ್ದು. ಮನೆಯಲ್ಲಿ ಆಡುವ ಮಾತಿಗೆ ಪುಸ್ತಕದ ಮರ್ಯಾದೆ ಸಿಕ್ಕಿದ್ದನ್ನು ಹಕ್ಕಿನ ಲೆಕ್ಕದಲ್ಲಿ ಹಿಡಿಯಬೇಕೋ ಬೇಡವೋ, ಓದುಗರು ತೀರ್ಮಾನಿಸಲಿ.

ಕಥೋಲಿಕರ ಕಡೆ 1878ರ ಡಿಸೆಂಬರ್ 31ಕ್ಕೆ ಇಟಲಿಯ ಯೇಸುಸಭೆಯವರು ಬಂದರು. ಅದಕ್ಕೆ ಮುಂಚಿನ ದಶಕಗಳಲ್ಲಿ ಗೋವೆಯ ಅಧಿಕಾರ ಒಪ್ಪುವವರು, ರೋಮಿನ ನೇರ ಅಧಿಕಾರ ಒಪ್ಪುವವರು ಎಂದು ಎರಡು ಪಂಗಡಗಳಿದ್ದವು. ಹಿರಿಯರ ತಾಳ್ಮೆಯಿಂದ ಕಾಲಕ್ರಮದಲ್ಲಿ ಅದು ತಣ್ಣಗಾಯಿತು ಎಂದಷ್ಟೇ ಹೇಳಿದರೆ ಸಾಕು. ಈ ಇಟಲಿಯವರಲ್ಲಿ ಫಾದರ್ ಅಲೆಕ್ಸಾಂಡರ್ ಕಮೀಸಾ ಆದಿವಾಸಿ ಕೊರಗರ ನಡುವೆ ದುಡಿದರು. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಶಾಲೆ, ವಸತಿಗೆ ಸಂಸ್ಥೆ ಕಟ್ಟಿದ್ದೂ ಇದೇ ಕಾಲದಲ್ಲಿ. ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳದೇ ಇದ್ದಿರಲಾರದು.

1912ರಲ್ಲಿ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕು ಹುಟ್ಟಿತು. ಬಡ್ಡಿ ವ್ಯಾಪಾರಿಯ ಕೈಯಿಂದ ರೈತನನ್ನು ಬಿಡಿಸಲು ಹೊರಟ ಜಿಲ್ಲೆಯ ಸಹಕಾರಿ ಚಳವಳಿಯ ಕವಲು ಇದು. 1921ರಲ್ಲಿ ಬೆಂದೂರಿನ ಪಾದ್ರಿ ಆರ್.ಎಫ್.ಸಿ. ಮಸ್ಕರೇನ್ಹಸ್ ಬೆಥನಿ ಭಗಿನಿಯರ ಸಭೆ ಕಟ್ಟಿದರು. ಪೇಟೆಯ ಕಾನ್ವೆಂಟಿಗೆ ಬರಲಾಗದ ಹಳ್ಳಿಯ ಹೆಣ್ಣುಮಕ್ಕಳಿಗೆ ಹಳ್ಳಿಯಲ್ಲೇ ಕನ್ನಡ ಶಾಲೆ ಸಿಕ್ಕಿತು. ಪ್ರತಿ ಇಗರ್ಜಿಯ ಪಕ್ಕ ಒಂದು ಶಾಲೆ ಎಂಬ ಕ್ರಮ ಇಡೀ ಜಿಲ್ಲೆಯಲ್ಲಿ ಬೇರೂರಿತು. ಜನ ಅದನ್ನು ಇಗರ್ಜಿ ಶಾಲೆ ಎಂದರು. ಅಲ್ಲಿ ಓದಿದವರಲ್ಲಿ ಹೆಚ್ಚಿನವರು ಇಗರ್ಜಿಗೆ ಹೋಗುವವರಲ್ಲ.

1955: ಘಟ್ಟದ ಬುಡಕ್ಕೆ ಬಂದವರು

ಕೇರಳದ ತಲಶ್ಶೇರಿ ಸೀರೋ ಮಲಬಾರ್ ಧರ್ಮಪ್ರಾಂತ್ಯದ ಗಡಿ 1955ರಲ್ಲಿ ದಕ್ಷಿಣ ಕನ್ನಡದ ಕಡೆಗೂ ವಿಸ್ತರಿಸಿತು. ಕಾರಣ ಸರಳ: ತಿರುವಾಂಕೂರಿನಿಂದ ವಲಸೆ ಬಂದ ರೈತರು ಘಟ್ಟದ ಬುಡದ ಕಾಡಂಚಿನಲ್ಲಿ ನೆಲೆಯೂರಿದ್ದರು. ರಬ್ಬರ್, ಕಾಳುಮೆಣಸು, ಮರಗೆಣಸು. ಜೊತೆಗೆ ಮಲೇರಿಯಾ. ಭಾಷೆ ಮಲಯಾಳಂ, ಪೂಜಾವಿಧಿ ಬೇರೆ. ಮೊದಮೊದಲು ಕೊಂಕಣಿ ಕಥೋಲಿಕರಿಗೂ ಇವರಿಗೂ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಯಾವ ಪಾದ್ರಿ ಯಾರಿಗೆ, ಯಾವ ಭಾಷೆಯಲ್ಲಿ ಪೂಜೆ ಎಂಬ ಪ್ರಶ್ನೆಗಳು ಸೌಹಾರ್ದದಿಂದಲೇ ಇತ್ಯರ್ಥವಾದವು. ಎಲ್ಲ ಸಲವೂ ಬೇಗ ಆಗಲಿಲ್ಲ, ಅಷ್ಟೇ.

ಇವರ ಮುಖ್ಯ ಕಷ್ಟ ನೆಲದ ಕಾಗದ. ಕೆನರಾದಲ್ಲಿ ಕುಮ್ಕಿ ಎಂಬ ವಿಚಿತ್ರ ವ್ಯವಸ್ಥೆ ಇದೆ. ವರ್ಗದಾರನ (ಪಟ್ಟಾ ಇರುವವನ) ಹಿಡುವಳಿಗೆ ಹೊಂದಿದ ಸರಕಾರಿ ಜಾಗದ ಸೊಪ್ಪು, ಸೌದೆ ಅವನಿಗೆ; ಜಾಗ ಸರಕಾರದ್ದು. ಅದರಾಚೆಗೆ ಕಾಡು. ಈ ನಡುವೆ ಗುಡಿಸಲು ಕಟ್ಟಿ ಮೂವತ್ತು ವರ್ಷ ದುಡಿದವನಿಗೆ ಪಟ್ಟಾ ಇಲ್ಲ, ಪಟ್ಟಾ ಇಲ್ಲದೆ ಸಾಲ ಇಲ್ಲ, ಸಾಲ ಇಲ್ಲದೆ ಮಗಳ ಮದುವೆ ಇಲ್ಲ. ಮುಂದೆ ಅಕ್ರಮ ಸಕ್ರಮ ಬಂದಾಗ ನಮೂನೆ 50, ನಮೂನೆ 53, ಆಮೇಲೆ 57, ಮನೆಯಡಿ ಜಾಗಕ್ಕೆ 94ಸಿ ಎಂಬ ಸಂಖ್ಯೆಗಳು ಇಲ್ಲಿನ ಮಕ್ಕಳಿಗೂ ಮಗ್ಗಿಯಂತೆ ಬಾಯಿಪಾಠವಾದವು.

1974: ಎರಡು ಪ್ರವಾಹಗಳು

ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದ ದೊಡ್ಡ ವರ್ಷಗಳು ಎರಡು, 1923 ಮತ್ತು 1974. ಹಳಬರು ಮೊದಲಿನದ್ದಕ್ಕೆ ಮಾರಿಬೊಳ್ಳ ಎನ್ನುತ್ತಾರೆ. 1974ರಲ್ಲಿ ನೀರಿನ ಜೊತೆ ಇನ್ನೊಂದು ಪ್ರವಾಹವೂ ಬಂತು. ಆ ವರ್ಷದ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿಯೇ ರದ್ದಾಯಿತು.

ಕರ್ನಾಟಕದಲ್ಲಿ ಈ ಕಾಯಿದೆ ಅತ್ಯಂತ ಆಳವಾಗಿ ಊರಿದ್ದು ನಮ್ಮ ಜಿಲ್ಲೆಯಲ್ಲಿ. ಮೂಲಗೇಣಿಯವನಿಗೆ ಕಾಗದದ ಬಲ ಅಷ್ಟಿಷ್ಟು ಇತ್ತು. ಚಾಲಗೇಣಿಯವನಿಗೆ ಏನೂ ಇಲ್ಲ, ಧಣಿ ಹೇಳಿದ ದಿನ ಎದ್ದು ಹೋಗಬೇಕು. ಮುಡಿ ಅಕ್ಕಿ ಅಳೆದು ಕೊಟ್ಟದ್ದಕ್ಕೆ ರಶೀದಿ ಕೂಡ ಇರುತ್ತಿರಲಿಲ್ಲ. ಅಂಥವನು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು, ಈ ಗದ್ದೆ ಉತ್ತವನು ನಾನೇ ಎಂದು ಧಣಿಯ ಎದುರೇ ಹೇಳಬೇಕು. ಅರ್ಜಿಯ ಗಡುವು 1979ರ ಜೂನ್ 30ರವರೆಗೆ ಬೆಳೆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಎಲ್ಲರಿಗೂ ಗೊತ್ತು. ಕಾಯಿದೆ ವರ ಕೊಟ್ಟಿತ್ತು, ಶಾನುಭೋಗರ ಕಡತದಲ್ಲಿ ಹೆಸರು ಬರಬೇಕಿತ್ತು.

ಇಲ್ಲಿ ಒಂದು ಸೂಕ್ಷ್ಮ ವಿಷಯವಿದೆ. ಒಂದೇ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಧಣಿ, ಹಿಂದಿನ ಸಾಲಿನಲ್ಲಿ ಅವನ ಗೇಣಿದಾರ. ಇಬ್ಬರೂ ಕ್ರೈಸ್ತರು. ಒಂದೇ ವಾಡೆಯ ಗುರ್ಕಾರ್ (ವಾರ್ಡಿನ ಮುಖಂಡ) ಇಬ್ಬರ ಮನೆಗೂ ಹೋಗಿ ಹಬ್ಬದ ವಂತಿಗೆ ಎತ್ತುವವನು. ಪಾದ್ರಿ ಯಾರ ಪರ? ಆ ವರ್ಷಗಳಲ್ಲಿ ಕೆಲವು ಮನೆಗಳ ನಡುವೆ ಮಾತು ಕಡಿಮೆಯಾಯಿತು, ಮದುವೆಗೆ ಕರೆಯದೇ ಇದ್ದದ್ದೂ ಉಂಟು. ಎರಡು ತಲೆಮಾರು ಕಳೆದ ಮೇಲೆ ಇಂದು ಆ ಗದ್ದೆಗಳಲ್ಲಿ ಅಡಿಕೆ ತೋಟ ಎದ್ದಿದೆ. ಧಣಿಯ ಮೊಮ್ಮಗನೂ ಗೇಣಿದಾರನ ಮೊಮ್ಮಗನೂ ಕೊಲ್ಲಿಯ ಒಂದೇ ಊರಲ್ಲಿ ಕೆಲಸಕ್ಕಿದ್ದಾರೆ.

ಅದೇ 1974ರಲ್ಲಿ ಬಿಷಪ್ ಬಾಸಿಲ್ ಡಿಸೋಜಾ ಅವರ ಕಾಲದಲ್ಲಿ ಸಿಒಡಿಪಿ ಹುಟ್ಟಿತು. ವಿವರಿಸಿ ಬರೆದರೆ ಅದು ಕೆನರಾ ಅಭಿವೃದ್ಧಿ ಮತ್ತು ಶಾಂತಿ ಸಂಸ್ಥೆ. ಹಿನ್ನೆಲೆಯಲ್ಲಿ 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಿತ್ತು. ಜಗತ್ತಿನ ನೋವು ಸಭೆಯ ನೋವೂ ಹೌದು ಎಂದು ಅದು ಹೇಳಿತ್ತು. ನ್ಯಾಯಕ್ಕಾಗಿ ದುಡಿಯುವುದು ಧರ್ಮಪ್ರಚಾರದ ಹೊರಗಿನ ಕೆಲಸವಲ್ಲ ಎಂದು 1971ರ ಬಿಷಪರ ಸಿನೊಡ್ ತೀರ್ಮಾನಿಸಿತ್ತು. ಮಂಗಳೂರಿನ ರೋಶನಿ ನಿಲಯ 1960ರಿಂದಲೇ ಸಮಾಜಕಾರ್ಯ ಕಲಿಸುತ್ತಿತ್ತು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು 1975ರಿಂದ 86ರವರೆಗೆ ನಡೆಸಿದವರು ಫಾದರ್ ಸ್ಟ್ಯಾನ್ ಸ್ವಾಮಿ. 2021ರಲ್ಲಿ ಬಂಧನದಲ್ಲಿದ್ದಾಗಲೇ ತೀರಿಹೋದ ಅದೇ ಸ್ಟ್ಯಾನ್ ಸ್ವಾಮಿ. ಅದುವರೆಗೆ ಚರ್ಚಿನ ಸೇವೆ ಎಂದರೆ ಸಾಂ ವಿಶೆಂತ್ ಪಾವ್ಲ್ ಸಭೆಯ ಅಕ್ಕಿ, ಔಷಧಿ, ಮನೆಗೊಂದು ಹೊದಿಕೆ. ಈಗ ಹೊಸ ಪ್ರಶ್ನೆ ಬಂತು: ಇವನಿಗೆ ಅಕ್ಕಿ ಯಾಕಿಲ್ಲ? ಈ ಪ್ರಶ್ನೆ ಎಲ್ಲರಿಗೂ ಹಿತವಾಗಿರಲಿಲ್ಲ. ಪಾದ್ರಿಗಳಿಗೆ ರಾಜಕೀಯ ಯಾಕೆ ಎಂದವರಿದ್ದರು. ಅವರ ಕಳವಳವನ್ನೂ ಗೌರವದಿಂದ ನೆನೆಯುತ್ತೇವೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಈ ಪ್ರಶ್ನೆಯನ್ನು ಎತ್ತಿದವರು ಹೆಚ್ಚಾಗಿ ಬೀಡಿ ಕಟ್ಟುವ ಹೆಂಗಸರು. ಗದ್ದೆ ಇಲ್ಲದ ಮನೆಯಲ್ಲಿ ಸೂಪು (ಮೊರ) ಇತ್ತು, ಸೂಪಿನಲ್ಲಿ ಎಲೆ, ಹೊಗೆಸೊಪ್ಪು, ನೂಲು. 1966ರ ಬೀಡಿ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. 1977ರಲ್ಲಿ ಭವಿಷ್ಯ ನಿಧಿ ಬಂತು. ಮಾಲಕರು ಕೋರ್ಟಿಗೆ ಹೋದರು, 1985ರಲ್ಲಿ ಸುಪ್ರೀಂ ಕೋರ್ಟು ಹೆಂಗಸರ ಪರ ನಿಂತಿತು. ಆದರೆ ಬೀಡಿ ಬ್ರಾಂಚಿನಲ್ಲಿ ಎಲೆ ಕಡಿಮೆ ತೂಗಿದರೆ, ಬೀಡಿ ಸರಿಯಿಲ್ಲವೆಂದು ಬದಿಗೆ ಸರಿಸಿದರೆ, ಪಿಎಫ್ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಕೇಳುವವರು ಯಾರು? ಕೇಳಿದ್ದರಲ್ಲಿ ದೊಡ್ಡ ಪಾಲು ಕೆಂಬಾವುಟದ ಸಂಘಗಳದ್ದು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಚರ್ಚಿನ ಮಹಿಳಾ ಸಂಘಗಳು ಅದರ ಪಕ್ಕದಲ್ಲಿ ಬೇರೆ ಕೆಲಸ ಹಿಡಿದವು: ಉಳಿತಾಯ, ಸಾಕ್ಷರತೆ, ಕುಡುಕ ಗಂಡನ ಮುಂದೆ ಹತ್ತು ಮಂದಿ ಹೋಗಿ ನಿಲ್ಲುವುದು. 1982ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಬೆಳ್ತಂಗಡಿಯಲ್ಲಿ ಆರಂಭವಾದ ಮೇಲೆ ಒಬ್ಬಳೇ ಹೆಂಗಸು ಎರಡೂ ಕಡೆಯ ಸಂಘದಲ್ಲಿ ಇರುವುದು ಮಾಮೂಲಾಯಿತು. ವಾರದ ಸಭೆಗಳ ದಿನ ಒಂದಕ್ಕೊಂದು ತಾಗದಂತೆ ಇಟ್ಟುಕೊಂಡರೆ ಅವಳಿಗೆ ಸಾಕು.

ಈ ಅವಧಿಯ ಕಟ್ಟಡಗಳನ್ನೂ ಹೇಳದಿದ್ದರೆ ತಪ್ಪಾದೀತು. ಮೊಡಂಕಾಪಿನ ಶಾಲೆಗಳು, ಮಡಂತ್ಯಾರಿನ ಸೇಕ್ರೆಡ್ ಹಾರ್ಟ್ ಕಾಲೇಜು, ಅಲಂಗಾರಿನಲ್ಲಿ ಮೊನ್ಸಿಂಜೊರ್ ಎಡ್ವಿನ್ ಪಿಂಟೊ ಅವರ ಮೌಂಟ್ ರೋಸರಿ ಸಂಸ್ಥೆಗಳು. ರಾತ್ರಿ ಹೆರಿಗೆ ನೋವು ಬಂದರೆ ಮಂಗಳೂರಿಗೆ ಓಡಬೇಕಿದ್ದ ಮೂಡುಬಿದಿರೆಯ ಕಡೆಯವರಿಗೆ ಅಲಂಗಾರಿನ ಆಸ್ಪತ್ರೆ ಎಂದರೆ ಏನೆಂದು ವಿವರಿಸಬೇಕಿಲ್ಲ.

1999: ಬೆಳ್ತಂಗಡಿಗೆ ಬಿಷಪ್

1999ರ ಏಪ್ರಿಲ್ 24ರಂದು ಬೆಳ್ತಂಗಡಿ ಧರ್ಮಪ್ರಾಂತ್ಯ ಘೋಷಣೆಯಾಯಿತು. ಆಗಸ್ಟ್ 4ರಂದು ಮಾರ್ ಲಾರೆನ್ಸ್ ಮುಕ್ಕುಯಿ ಮೊದಲ ಬಿಷಪರಾಗಿ ಅಭಿಷಿಕ್ತರಾದರು. ಘಟ್ಟದ ಬುಡದ ಸಣ್ಣ ಪೇಟೆಗೆ ಧರ್ಮಪೀಠ ಬಂದದ್ದರಿಂದ ದೂರದ ತೋಟದ ಮನೆಯವನಿಗೂ ತನ್ನ ಮಾತು ತಲುಪುವ ಜಾಗ ಸಿಕ್ಕಿತು. ಅದರ ಸಮಾಜಸೇವಾ ಸಂಸ್ಥೆ ಡಿಕೆಆರ್‌ಡಿಎಸ್ ಕೃಷಿ, ಸ್ವಸಹಾಯ, ಅಂಗವಿಕಲರ ಸಂಘಟನೆಗಳಲ್ಲಿ ಕೈಹಾಕಿತು. ನೆರಿಯ ಗ್ರಾಮದ ಗಂಡಿಬಾಗಿಲಿನಲ್ಲಿ ಸಾಮಾನ್ಯ ವಿಶ್ವಾಸಿಯೊಬ್ಬರು ಆರಂಭಿಸಿದ ಸಿಯೋನ್ ಆಶ್ರಮ ಬೀದಿಯಲ್ಲಿ ಅಲೆಯುವ ಮನೋರೋಗಿಗಳಿಗೆ ಆಸರೆಯಾಯಿತು. ಮನೋರೋಗಿಗೂ ಹಕ್ಕುಗಳಿವೆ ಎಂದು ದೇಶದ ಕಾನೂನು ವಿವರವಾಗಿ ಬರೆದದ್ದು 2017ರಲ್ಲಿ.

2000ದಲ್ಲಿ ರಾಜ್ಯ ಸರಕಾರ ಅಜಲು ಪದ್ಧತಿಯನ್ನು ಕಾಯಿದೆಯಿಂದ ನಿಷೇಧಿಸಿತು. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳದ ಹಿಂದಿನ ರಾತ್ರಿ ಕೆಸರಲ್ಲಿ ಓಡಿಸುವುದು ಇವು ನಮ್ಮ ಸೀಮೆಯಲ್ಲೇ ನಡೆದವು, ನಮ್ಮ ಹಿರಿಯರು ನೋಡುತ್ತಿರುವಾಗಲೇ ನಡೆದವು. ಆ ಕಾಯಿದೆ ಕೊರಗರ ಸ್ವಂತ ಸಂಘಟನೆಗಳ ಗೆಲುವು. ಕೊರಗರ ಕುರಿತ ಮಹಮ್ಮದ್ ಪೀರ್ ವರದಿ ಹೇಳಿದ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿಯನ್ನು ಅವರು ಈಗಲೂ ಕೇಳುತ್ತಿದ್ದಾರೆ. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಂಡೋಸಲ್ಫಾನ್ ಹೋರಾಟದಲ್ಲೂ ಮುಂದಾಳುತನ ಸಂತ್ರಸ್ತರದ್ದೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಸಂಭ್ರಮದ ಸಂಚಿಕೆಯಲ್ಲಿ ಎಲ್ಲ ಗೆಲುವನ್ನೂ ನಮ್ಮ ಖಾತೆಗೆ ಬರೆದುಕೊಳ್ಳುವ ಆಸೆ ಇರುತ್ತದೆ. ಈ ಎರಡನ್ನು ಬಿಟ್ಟುಬಿಡೋಣ.

ನಮ್ಮದೇ ಮನೆಯೊಳಗಿನ ಒಂದು ವಿಷಯ ಮಾತ್ರ ಬಾಕಿ ಇದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಆ ಬಾಗಿಲು ತೆರೆಯಿತು. ಆಗಸ್ಟ್ 10ರಂದು ಚರ್ಚುಗಳು ಕಪ್ಪು ದಿನ ಆಚರಿಸುತ್ತವೆ. ಸರಕಾರದ ಬಾಗಿಲು ಬಡಿಯುವಾಗ ಇಗರ್ಜಿಯೊಳಗೆ ಬಾಮೊಣ, ಚಾರೊಡಿ ಎಂದು ಜಾತಿ ಪಿಸುಗುಟ್ಟುವ ಮದುವೆ ಮಾತುಕತೆಗಳೂ ನೆನಪಾಗಬೇಕು.

2008ರ ಸೆಪ್ಟೆಂಬರ್ 14

ಕನ್ಯೆ ಮರಿಯಳ ಜನ್ಮದಿನದ ಮೊಂತಿ ಹಬ್ಬ ಕಳೆದು ಆರು ದಿನ. ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ, ಜಿಲ್ಲೆಯ ಹಲವು ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಮರುದಿನ ಪ್ರತಿಭಟಿಸಿದವರ ಮೇಲೆ ಇಗರ್ಜಿಗಳ ಅಂಗಳದಲ್ಲೇ ಲಾಠಿ ಬೀಸಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ನ್ಯಾಯಮೂರ್ತಿ ಮೈಕಲ್ ಸಲ್ದಾನಾ ಪ್ರತ್ಯೇಕ ಅಧ್ಯಯನ ನಡೆಸಿದರು. ಎರಡೂ ಒಂದೇ ಮಾತು ಹೇಳಲಿಲ್ಲ.

ದಾಳಿಗೊಳಗಾದವರಲ್ಲಿ ಹೆಚ್ಚಿನವರು ಹೊಸ ಪಂಗಡಗಳ ಸಣ್ಣ ಪ್ರಾರ್ಥನಾ ಗುಂಪಿನವರು. ಅಲ್ಲಿಯವರೆಗೆ ಅವರನ್ನು ನಾವು ಒಂದಿಷ್ಟು ದೂರವಿಟ್ಟೇ ನೋಡುತ್ತಿದ್ದೆವು. ಪೆಟ್ಟು ಬಿದ್ದ ಮೇಲೆ ಕಥೋಲಿಕರು, ಸಿಎಸ್‌ಐ, ಸೀರೋ ಮಲಬಾರ್, ಆರ್ಥೊಡಾಕ್ಸ್ ಎಲ್ಲರೂ ಒಂದೇ ಮೇಜಿಗೆ ಬಂದರು. 1979ರಲ್ಲಿ ಆರಂಭವಾದ ಕೆಥೊಲಿಕ್ ಸಭಾ ಅದುವರೆಗೆ ಮುಖ್ಯವಾಗಿ ಸಮುದಾಯದ ಸಂಘಟನೆ; ಆಮೇಲೆ ಅದರ ಫಿರ್ಗಜ್ ಘಟಕಗಳಲ್ಲಿ ಎಫ್‌ಐಆರ್ ಬರೆಸುವುದು ಹೇಗೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು ಹೇಗೆ ಎಂಬ ಮಾತುಗಳೂ ಕೇಳಿಬಂದವು. 2017ರ ಮಳೆಗಾಲದಲ್ಲಿ ಬಿ.ಸಿ. ರೋಡು, ಕಲ್ಲಡ್ಕದ ಸುತ್ತ ದಿನಗಟ್ಟಲೆ ನಿಷೇಧಾಜ್ಞೆ ಇದ್ದಾಗ ಪೆಟ್ಟು ಬಿದ್ದದ್ದು ನಮಗಲ್ಲ. ಆಗ ಶಾಂತಿಸಭೆಯಲ್ಲಿ ಕೂರುವುದು ಎಷ್ಟು ಮುಖ್ಯ ಎಂಬುದು 2008 ಕಂಡವರಿಗೆ ಗೊತ್ತಿತ್ತು.

2013ರಿಂದ ಈಚೆಗೆ: ನೀರು, ತಂತಿ, ಕಾಡು

ಮೂಡುಬಿದಿರೆ ಕಡೆಯ ನಿಡ್ಡೋಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ 2013ರಲ್ಲಿ ಬಂದಾಗ ಮಾತೃಭೂಮಿ ಸಂರಕ್ಷಣಾ ಸಮಿತಿಯಲ್ಲಿ ಚರ್ಚಿನವರು, ದೇವಸ್ಥಾನದವರು ಒಟ್ಟಿಗೆ ನಿಂತರು. ಸ್ಥಾವರ ಬರಲಿಲ್ಲ. 2014ರ ಮಾರ್ಚಿನಲ್ಲಿ ನೀರು ತಿರುಗಿಸುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದಾಗ ನೇತ್ರಾವತಿಗಾಗಿ ಮೆರವಣಿಗೆ ಹೋದವರಲ್ಲಿ ಕೆಥೊಲಿಕ್ ಸಭಾದವರೂ ಇದ್ದರು. 2024ರ ಸೆಪ್ಟೆಂಬರಿನಲ್ಲಿ ಆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆವಿ ತಂತಿಯ ದಾರಿಯಲ್ಲಿ ತೋಟ ಕಳಕೊಳ್ಳುವವರ ಜಗಳ ಇನ್ನೂ ಬಿಸಿ ಇದೆ.

2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಪತ್ರ ಬರೆದ ಮೇಲೆ ಪರಿಸರದ ಮಾತು ಪೀಠದಿಂದಲೂ ಬರತೊಡಗಿತು. ಆದರೆ ಬೆಳ್ತಂಗಡಿಯಲ್ಲಿ ಇದು ಸುಲಭವಲ್ಲ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಘಟ್ಟದ ಬುಡದ ಗ್ರಾಮಗಳೂ ಅದರಲ್ಲಿವೆ. ಪಟ್ಟಾಕ್ಕಾಗಿ ಮೂರು ತಲೆಮಾರು ಅಲೆದವನಿಗೆ ಕಾಡಿನ ಹೆಸರು ಕೇಳಿದರೆ ಹೆದರಿಕೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆಯ ಕಡೆ ಗುಡ್ಡ ಕುಸಿದು ತೋಟಗಳ ಮೇಲೆ ಮರಳು ಹರಡಿದ್ದನ್ನು ನೋಡಿದವನೂ ಅವನೇ. ಭೂಮಿಯ ಹಕ್ಕು, ನದಿಯ ಹಕ್ಕು ಎರಡನ್ನೂ ಒಂದೇ ಬಾಯಲ್ಲಿ ಹೇಳುವ ಭಾಷೆ ನಮ್ಮ ಚರ್ಚುಗಳಿಗೆ ಇನ್ನೂ ಸಿಕ್ಕಿಲ್ಲ ಎಂದು ನಾನು ತಿಳಿದಿದ್ದೇನೆ.

ಮತ್ತೆ ಆ ಬೆಂಚಿಗೆ ಬರೋಣ. ಬೀಡಿ ಕಟ್ಟಿ ಕಣ್ಣು ಮಂಜಾದವಳಿಗೆ ಪಿಂಚಣಿ ಬೇಕಾದರೆ ವಯಸ್ಸಿನ ದಾಖಲೆ ಬೇಕು. ಕ್ರೈಸ್ತಳಾದರೆ ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಒಂದು ಸಾಲು ಇರುತ್ತದೆ. ನೆರೆಮನೆಯ ಬಿಲ್ಲವ ಪೂಜಾರ್ತಿಗೆ, ಬ್ಯಾರಿ ಮುಸ್ಲಿಂ ಹೆಂಗಸಿಗೆ ಅದಿಲ್ಲ. ಅವರಿಗೆ ಇರುವುದು ಇಗರ್ಜಿ ಶಾಲೆಯ ದಾಖಲಾತಿ ಪುಸ್ತಕ. ಒಂದನೇ ಕ್ಲಾಸಿಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿಗೆ ಬರೆದುಕೊಂಡ ಜನ್ಮದಿನ. ಆ ಕನ್ನಡ ಶಾಲೆಗಳು ಒಂದೊಂದಾಗಿ ಮಕ್ಕಳಿಲ್ಲದೆ ಮುಚ್ಚುತ್ತಿವೆ. ಪಕ್ಕದಲ್ಲೇ ನಾವೇ ಕಟ್ಟಿಸಿದ ಇಂಗ್ಲಿಷ್ ಶಾಲೆ ತುಂಬಿದೆ. ಮುಚ್ಚಿದ ಶಾಲೆಯ ಕಪಾಟು ಎಲ್ಲಿಗೆ ಹೋಯಿತು ಎಂದು ಕೇಳಿಕೊಂಡು ಎಪ್ಪತ್ತು ದಾಟಿದ ಹೆಂಗಸರು ಇವತ್ತಿಗೂ ಬಂಗ್ಲೆಯ ಜಗಲಿಗೆ ಬರುತ್ತಾರೆ. ಬೆಂಚಿನ ಮೇಲೆ ಕೂತು, ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಡುತ್ತಾರೆ.